ಮುತ್ತಜ್ಜನ ಬೆನ್ನು

ಆ ಕಾಡಿನಲ್ಲಿ ನೆಲಕ್ಕೆ ಕಾಲಿಡುವ ಹಾಗಿಲ್ಲ. ಕೊಡಲಿ ಕಾಣದ ಕಾಡು ಅದು. ಮರಗಳ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹಬ್ಬಿರುತ್ತವೆ, ಬೂಟಿನ ಹಿಮ್ಮಡಿ ಬಿದ್ದಲ್ಲಿ ಮಣ್ಣು ಬಿಗಿದುಕೊಂಡು ಬೇರಿಗೆ ಉಸಿರು ಕಟ್ಟುತ್ತದೆ ಎಂದು ಕಾಡು ರಾಷ್ಟ್ರೀಯ ಉದ್ಯಾನವಾದ ಮೊದಲ ವರ್ಷವೇ ಯಾರೋ ಬಲ್ಲವರು ಹೇಳಿದ್ದರಂತೆ. ಅಂದಿನಿಂದ ಗೇಟಿನಿಂದ ಕಾಡಿನ ಒಡಲವರೆಗೆ, ನೆಲದಿಂದ ಮೊಳದೆತ್ತರದಲ್ಲಿ ಹಲಗೆದಾರಿ; ಅದರ ಎರಡೂ ಬದಿಗೆ ಮರದ ಕಟಾಂಜನ. ನೋಡಲು ಬಂದವರೂ ಅದರ ಮೇಲೆಯೇ, ಸಂಬಳಕ್ಕೆ ಬಂದವರೂ ಅದರ ಮೇಲೆಯೇ. ಯಾರದಾದರೂ ಟೋಪಿ ಹಾರಿದರೆ, ಮಗುವಿನ ಕೈಯ ಆಟಿಕೆ ಜಾರಿದರೆ ಎತ್ತಿಕೊಡಲೆಂದು ಅಲ್ಲಲ್ಲಿ ಉದ್ದನೆಯ ದೋಟಿಗಳನ್ನು ಒರಗಿಸಿಟ್ಟಿದ್ದರು. ದೋಟಿಗೂ ಎಟುಕದ್ದು ಕಾಡಿನ ಪಾಲು. ಇಳಿಯಲೇಬೇಕಾಗಿ ಬಂದರೆ ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿಯತಕ್ಕದ್ದು ಎಂದು ನಿಯಮದ ಕೊನೆಯಲ್ಲೊಂದು ಮಾತಿತ್ತು. ಅಲ್ಲಿಯವರೆಗೆ ಓದಿದವರೇ ಕಡಿಮೆ. ಇಳಿದವರಂತೂ ಇರಲಿಲ್ಲ.

ಅವಳ ಕೆಲಸ ಮರ ಬಡಿಯುವುದು. ವರ್ಷಕ್ಕೊಮ್ಮೆ, ಜನ ಬರುವ ಕಾಲ ಶುರುವಾಗುವ ಮುಂಚೆ, ದಾರಿಯ ಪಕ್ಕದ ಒಂದೊಂದು ದೊಡ್ಡ ಮರವನ್ನೂ ಮರದ ಕೊಡತಿಯಿಂದ ಬಡಿದು, ಕಿವಿಗೊಟ್ಟು ಕೇಳಬೇಕು. ಒಳಗೆ ಗಟ್ಟಿಯಿದ್ದರೆ ಸದ್ದು ಚುರುಕಾಗಿ ತಿರುಗಿ ಬರುತ್ತದೆ. ಟೊಳ್ಳಿದ್ದರೆ ಬರುವುದಿಲ್ಲ, ಒಳಗೇ ಸುತ್ತಾಡುತ್ತದೆ. ಗಟ್ಟಿ ಮರದ ಮುಂದೆ ಕಟಾಂಜನದ ಮೊಳೆಗೆ ಹಸಿರು ತಗಡಿನ ಬಿಲ್ಲೆ, ಟೊಳ್ಳಿನ ಮುಂದೆ ಕೆಂಪು. ಕೆಂಪು ಬಿದ್ದರೆ ಮರ ಕಡಿಯುತ್ತಾರೆ ಎಂದುಕೊಳ್ಳಬೇಡಿ. ಅಲ್ಲಿ ಮರ ನಿಂತಲ್ಲೇ ನಿಲ್ಲುತ್ತದೆ. ಜನ ಹಲಗೆ ಕಿತ್ತುಕೊಂಡು ದೂರ ಹೋಗುತ್ತಾರೆ.

ಮೊದಲು ಆ ಕೊಡತಿ ಅವಳ ಗಂಡನ ಕೈಯಲ್ಲಿತ್ತು. ಹೋದ ವರ್ಷ ಅವನು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಕುರ್ಚಿಯ ಮೇಲೆ ಕೂತು ಕಾಲುಚೀಲ ಹಾಕಿಕೊಳ್ಳುವಾಗ ಹೋಗಿಬಿಟ್ಟ. ಒಂದು ಕಾಲಿನಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಹೃದಯ ಎಂದರು ವೈದ್ಯರು. ಅವಳು ಸಸ್ಯಶಾಸ್ತ್ರ ಓದಿ, ಉದ್ಯಾನದ ವಸ್ತುಪ್ರದರ್ಶನದ ಕೋಣೆಯಲ್ಲಿ ಬಂದವರಿಗೆ ಅಡ್ಡ ಕೊಯ್ದ ದಿಮ್ಮಿಯ ಮೇಲೆ ವರ್ಷಕ್ಕೊಂದರಂತೆ ಮೂಡಿದ ಬಳೆಗಳನ್ನು ತೋರಿಸುತ್ತಿದ್ದವಳು. "ಬಡಿಯೋ ಕೆಲಸಾನೂ ನೀವೇ ನೋಡ್ಕೊಳ್ತೀರಾ ಮೇಡಂ?" ಎಂದು ಅಧಿಕಾರಿ ಕೇಳಿದಾಗ ಹೂಂ ಎಂದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಅವಳು ಹೂಂ ಎನ್ನುತ್ತಿದ್ದಳು. ಬೇಡ ಎನ್ನುವುದಕ್ಕೆ ಕಾರಣ ಕೊಡಬೇಕಾಗುತ್ತದೆ.

ಈ ಸಲ ಎಲ್ಲ ಮರಗಳೂ ಮುಗಿದಿದ್ದವು, ಒಂದರ ಹೊರತು.

ಅದಕ್ಕೆ ಎಲ್ಲರೂ ಮುತ್ತಜ್ಜ ಎನ್ನುತ್ತಿದ್ದರು. ಹಲಗೆದಾರಿ ಅದರ ಮುಂದೆ ಅಗಲವಾಗಿ ಅಂಗಳದಷ್ಟಾಗಿ ಮುಗಿಯುತ್ತದೆ. ನೋಡುವವರು ಅಲ್ಲಿ ಕತ್ತೆತ್ತಿ, ಬಾಯಿ ತೆರೆದು, ಫೋಟೋ ತೆಗೆದುಕೊಂಡು, ಆಮೇಲೆ ಹಿಂದೆ ತಿರುಗಿದರೆ ಕ್ಯಾಂಟೀನು. ಕ್ಯಾಂಟೀನು ಅವಳ ಅತ್ತೆಯದು. ಅತ್ತೆ ಅಲ್ಲಿ ಚಹಾ ಕಾಯಿಸಲು ಶುರುಮಾಡಿದಾಗ ಮಗ ಅಂಬೆಗಾಲಿಡುತ್ತಿದ್ದನಂತೆ. ಕೂಸು ಕಣ್ಣು ತಪ್ಪಿಸಿ ಬೇರಿನ ಮೇಲೆ ಇಳಿದರೆ ಕೆಲಸಕ್ಕೇ ಕುತ್ತು ಎಂದು ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಟಾಂಜನದ ಕಂಬಕ್ಕೆ ಬಿಗಿದು ಒಲೆಯ ಮುಂದೆ ನಿಲ್ಲುತ್ತಿದ್ದಳಂತೆ. ಹಗ್ಗ ತೀಡಿದ ಗುರುತು ಆ ಕಂಬದ ಮೇಲೆ ಇನ್ನೂ ಇದೆ. ಕಂಬದ ಪಕ್ಕದ ಮೊಳೆಯಲ್ಲಿ ಮಗ ಹೋದ ವರ್ಷ ತೂಗುಹಾಕಿದ ಹಸಿರು ಬಿಲ್ಲೆ. ಉಳಿದ ಬಿಲ್ಲೆಗಳನ್ನೆಲ್ಲ ಸೊಸೆ ತೆಗೆದು ಹೊಸದು ಹಾಕಿಯಾಗಿತ್ತು. ಅವನ ಕೈಯದೆಂದು ಉಳಿದಿದ್ದು ಅದೊಂದೇ. ಅತ್ತೆ ದಿನಾ ಮೇಜು ಒರೆಸಿದ ಮೇಲೆ, ಬಟ್ಟೆ ಹಿಂಡಿ, ಅದನ್ನೂ ಒಮ್ಮೆ ಒರೆಸುತ್ತಿದ್ದಳು.

ಅಂದು ಬೆಳಿಗ್ಗೆಯೂ ಒರೆಸುತ್ತಲೇ ಕೇಳಿದಳು, "ಏನೇ, ಇವತ್ತಾದ್ರೂ ಮುತ್ತಜ್ಜನ ಮೈ ಮುಟ್ತೀಯೋ, ಇಲ್ಲ ಅವನೇ ಬಂದು ನಿನ್ನ ಬಡೀಲಿ ಅಂತ ಕಾಯ್ತಿದ್ದೀಯೋ?"

ಬೆಂಚಿನ ಮೇಲೆ ಗರಗಸದಣ್ಣ ಕೂತಿದ್ದ. ಮರ ದಾರಿಗೆ ಅಡ್ಡ ಬಿದ್ದರೆ ದಾರಿಯ ಅಗಲದಷ್ಟು ಮಾತ್ರ ಕೊಯ್ದು ತೆಗೆದು, ಉಳಿದದ್ದನ್ನು ಕೊಳೆಯಲು ಬಿಡುವುದು ಅವನ ಕೆಲಸ. "ಅಮ್ಮಾ, ಮುತ್ತಜ್ಜ ಬಡಿದ್ರೆ ತಂಗಿ ಹೋಗ್ಲಿ, ನಿಮ್ಮ ಸಕ್ಕರೆ ಡಬ್ಬಾನೂ ಉಳಿಯಲ್ಲ" ಎಂದ.

"ನೀನು ಸುಮ್ನಿರಪ್ಪ. ವರ್ಷಕ್ಕೊಂದು ದಿಮ್ಮಿ ಕೊಯ್ದು ವರ್ಷವಿಡೀ ಚಹಾ ಕುಡಿಯೋನು."

"ಕುಡೀಬೇಡ ಅಂದ್ರೆ ಬಿಡ್ತೀನಿ."

"ಬಿಟ್ರೆ ನನ್ನ ವ್ಯಾಪಾರ ಏನಾಗ್ಬೇಕು? ಕುಡಿ, ಕುಡಿ."

ಅಷ್ಟರಲ್ಲಿ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಬೂಟು ಯಾವಾಗಲೂ ಹೊಳೆಯುತ್ತಿತ್ತು. "ಇದೊಂದೇ ಉಳಿದಿರೋದು ಅಲ್ವಾ ಮೇಡಂ? ವಾರದಲ್ಲಿ ಗೇಟು ತೆರೀಬೇಕು. ಇದು ಹೆಸರಿಗೆ ಒಂದು ಶಾಸ್ತ್ರ ಅಷ್ಟೆ. ಮುತ್ತಜ್ಜ ನಮ್ಮನ್ನೆಲ್ಲ ಕಳಿಸಿಕೊಟ್ಟೇ ಹೋಗೋನು" ಎಂದರು. ಎಂದ ಮೇಲೆ ತಾವು ಯಾರ ಮುಂದೆ ಏನು ಹೇಳಿದೆವೆಂದು ಹೊಳೆಯಿತು. ಚಹಾ ಬಿಸಿಯಿದ್ದರೂ ಗಟಗಟನೆ ಕುಡಿದು, ನಾಲಿಗೆ ಸುಟ್ಟುಕೊಂಡು, ಹೊರಟುಹೋದರು.

ಅವಳಿಗೇನೂ ಅನ್ನಿಸಲಿಲ್ಲ. ವರ್ಷದಿಂದ ಜನ ಹೀಗೇ ಅವಳನ್ನೂ ಬಡಿದು ನೋಡುತ್ತಿದ್ದರು. ಊಟ ಆಯಿತಾ, ನಿದ್ದೆ ಬರುತ್ತಾ, ಗಟ್ಟಿ ಮನಸ್ಸು ಮಾಡಬೇಕಮ್ಮ. ಎಲ್ಲರೂ ಮುಂದಿನಿಂದಲೇ ಬಡಿಯುತ್ತಿದ್ದರು. ಸದ್ದು ಚುರುಕಾಗಿಯೇ ತಿರುಗಿ ಹೋಗುತ್ತಿತ್ತು. ಎಲ್ಲರಿಗೂ ಸಮಾಧಾನ.

ಗರಗಸದಣ್ಣ ಎದ್ದುಹೋದ. ಅತ್ತೆ ನೀರು ತರಲು ನಲ್ಲಿಯತ್ತ ಹೋದಳು. ಅವಳು ಕೊಡತಿ ಎತ್ತಿಕೊಂಡಳು.

ಮುತ್ತಜ್ಜನ ಮೈಮೇಲೆ ಬಡಿಯುವ ಜಾಗಗಳನ್ನು ಹುಡುಕಬೇಕಾಗಿರಲಿಲ್ಲ. ವರ್ಷ ವರ್ಷ ಬಡಿದು ತೊಗಟೆ ಅಲ್ಲಲ್ಲಿ ನುಣ್ಣಗಾಗಿತ್ತು. ಗಂಡನಿಗೆ ಮುಂಚಿನವನು ಬಡಿದಲ್ಲೇ ಗಂಡ ಬಡಿದಿದ್ದ. ಗಂಡ ಬಡಿದಲ್ಲೇ ಅವಳೂ ಬಡಿದಳು. ಕಟಾಂಜನದ ಮೇಲೆ ಬಾಗಿ ಎಡಕ್ಕೆ ಕೈ ಎಟುಕುವವರೆಗೆ, ಬಲಕ್ಕೆ ಎಟುಕುವವರೆಗೆ. ಎಲ್ಲ ಕಡೆಯಿಂದಲೂ ಸದ್ದು ಗಟ್ಟಿಯಾಗಿ ಬಂತು.

ಜೇಬಿನಿಂದ ಹೊಸ ಹಸಿರು ಬಿಲ್ಲೆ ತೆಗೆದಳು. ಮೊಳೆಗೆ ಒಂದೇ ಬಿಲ್ಲೆ ಹಿಡಿಯುತ್ತದೆ. ಹೊಸದು ಹಾಕಬೇಕಾದರೆ ಹಳೆಯದು ಬರಬೇಕು. ಬಲಗೈಯಲ್ಲಿ ಹೊಸದನ್ನು ಹಿಡಿದು ಎಡಗೈಯನ್ನು ಹಳೆಯದರತ್ತ ಚಾಚಿದಳು. ಯಾವ ಕೈಗೆ ಏನು ತಿಳಿಯಿತೋ, ಹೊಸದು ಬೆರಳಿಂದ ಜಾರಿತು. ತಗಡು ಬೇರಿನ ಏಣಿನ ಮೇಲೆ ಅಂಚು ಊರಿ ನಿಂತು, ಗಾಲಿಯ ಹಾಗೆ ಉರುಳಿಕೊಂಡು, ಮರವನ್ನು ಸುತ್ತಿ ಹಿಂದಕ್ಕೆ ಹೋಯಿತು.

ದೋಟಿ ತಂದು ಚಾಚಿದಳು. ಎಟುಕಲಿಲ್ಲ. ದೋಟಿಗೂ ಎಟುಕದ್ದು ಕಾಡಿನ ಪಾಲು. ಕಚೇರಿಯಲ್ಲಿ ಇನ್ನೂ ಬೇಕಾದಷ್ಟು ಬಿಲ್ಲೆಗಳಿದ್ದವು. ಆದರೆ ಹೋಗಿ ಇನ್ನೊಂದು ತಂದು, ಮತ್ತೆ ಆ ಮೊಳೆಯ ಮುಂದೆ ಮೊದಲಿನಿಂದ ನಿಲ್ಲುವುದು ಅವಳಿಗೆ ಬೇಡವಾಗಿತ್ತು. ಕೂತು ಬೂಟು ಬಿಚ್ಚಿದಳು. ಕಾಲುಚೀಲ ಬಿಚ್ಚಿ ಒಂದರೊಳಗೊಂದು ಮಡಚಿ ಬೂಟಿನೊಳಗಿಟ್ಟಳು. ಕೊಡತಿಯನ್ನು ಕೆಳಗಿಡಲು ಮರೆತು, ಅದನ್ನು ಹಿಡಿದುಕೊಂಡೇ ಕಟಾಂಜನದ ಕೆಳಗಿಂದ ನುಸುಳಿ ಇಳಿದಳು.

ಮಣ್ಣು ತಣ್ಣಗೆ, ಒದ್ದೆ ಹಿಟ್ಟಿನ ಹಾಗಿತ್ತು. ಬೇರಿನಿಂದ ಬೇರಿಗೆ ಕಾಲಿಡುತ್ತಾ, ಒಂದು ಕೈಯನ್ನು ತೊಗಟೆಯ ಮೇಲಿಟ್ಟುಕೊಂಡು ಮುತ್ತಜ್ಜನನ್ನು ಸುತ್ತಿದಳು.

ಹಿಂದೆ ಮೊರದಗಲದ ಅಣಬೆಗಳು, ಮೆಟ್ಟಿಲು ಕಟ್ಟಿದ ಹಾಗೆ ಒಂದರ ಮೇಲೊಂದು. ಅವುಗಳ ನಡುವೆ ತೊಗಟೆ ಎರಡಾಳುದ್ದ ಸೀಳಿ, ಒಳಗೆ ಕತ್ತಲೆ. ಕಂದು ಪುಡಿ ಸುರಿದು ಕೆಳಗೆ ದಿಬ್ಬವಾಗಿತ್ತು. ಬಿಲ್ಲೆ ಆ ದಿಬ್ಬದ ಮೇಲೆಯೇ ಮಲಗಿತ್ತು, ಹಸಿರು ಮೇಲಾಗಿ. ಸೀಳಿನ ಪಕ್ಕದಲ್ಲಿ ಮೆಲ್ಲಗೆ ಬಡಿದಳು. ಸದ್ದು ಒಳಗೆ ಹೋಯಿತು. ಇನ್ನೂ ಮೇಲೆ ಬಡಿದಳು. ಹೋದದ್ದು ಬರಲಿಲ್ಲ. ಕೊಡತಿಯ ಹಿಡಿಯನ್ನು ಒಳಗೆ ತೂರಿಸಿದಳು, ಆಮೇಲೆ ಕೈಯನ್ನೂ, ಹೆಗಲವರೆಗೆ. ಏನೂ ತಾಗಲಿಲ್ಲ.

ಹಾಗಾದರೆ ಮುತ್ತಜ್ಜ ಎಂದರೆ ದಾರಿಯ ಕಡೆಯ ಅರ್ಧ ಸಿಪ್ಪೆ. ಗಾಳಿ ಹಿಂದಿನಿಂದ ಬೀಸಿದರೆ ಬೀಳುವುದು ಮುಂದಕ್ಕೆ, ಅಂಗಳದ ಮೇಲೆ, ಕ್ಯಾಂಟೀನಿನ ಮೇಲೆ.

ಇದು ಬೇರೆ ಕಾಡಿನಲ್ಲಾಗಿದ್ದರೆ ಆಗುತ್ತಿದ್ದ ತಪ್ಪಲ್ಲ. ಎಲ್ಲೆಂದರಲ್ಲಿ ಕಾಲಿಡುವವರು ಎಂದೋ ಹಿಂದೆ ಬಂದು ಇಣುಕುತ್ತಿದ್ದರು. ಬೇರಿನ ಮೇಲೆ ಇಷ್ಟು ಅಕ್ಕರೆಯಿದ್ದವರಿಗೇ ಮರದ ಬೆನ್ನು ಕಾಣದೆ ಉಳಿಯಿತು. ಗಂಡ ಒಮ್ಮೆಯೂ ಇಳಿದವನಲ್ಲ. ಮದುವೆಯಾದ ಹೊಸತರಲ್ಲಿ ಅವಳ ಹೇರ್‌ಪಿನ್ ಬಿದ್ದಾಗಲೂ ಇಳಿಯಲು ಬಿಟ್ಟಿರಲಿಲ್ಲ. ಕಾಡಿಗೊಂದು ಪಿನ್ ಇರಲಿ, ಅದಕ್ಕೂ ಕೂದಲಿದೆ ಎಂದಿದ್ದ.

ಬಿಲ್ಲೆ ಎತ್ತಿಕೊಂಡು ಹಲಗೆಯ ಮೇಲೆ ಬಂದು ಕೂತಳು. ಬಡಿಯಬೇಕಾದದ್ದು ದಾರಿಯಿಂದ ಎಂಬುದು ರೂಢಿ. ದಾರಿಯಿಂದ ಬಡಿದಾಗಿತ್ತು, ಗಟ್ಟಿ ಎಂದು ಕೇಳಿಯೂ ಆಗಿತ್ತು. ಈ ಹಸಿರನ್ನು ಮೊಳೆಗೆ ಹಾಕಿದರೆ ಯಾರೂ ಕೇಳುವುದಿಲ್ಲ. ಕೆಂಪು ಹಾಕಿದರೆ ಅತ್ತೆಯ ಕ್ಯಾಂಟೀನು ಏಳುತ್ತದೆ. ಅವನ ಕೊನೆಯ ಮಾತು ಸುಳ್ಳಾಗುತ್ತದೆ, ಅದನ್ನು ಸುಳ್ಳು ಮಾಡಿದವಳು ಅವನ ಹೆಂಡತಿ ಎಂದಾಗುತ್ತದೆ. ಕಾಲಿನ ಮಣ್ಣು ಒಣಗುವವರೆಗೆ ಕೂತಿದ್ದಳು. ಆಮೇಲೆ ಕಾಲುಚೀಲ ಹಾಕಿಕೊಂಡಳು. ಬಿಲ್ಲೆಯನ್ನು ಜೇಬಿಗಿಳಿಸಿದಳು. ಮೊಳೆ ಮುಟ್ಟಲಿಲ್ಲ.

ಗೇಟಿನಾಚೆ ಎರಡು ಕೋಣೆಯ ಮನೆ. ಸಂಜೆ ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೆಲ್ಲ ಮಗನ ಕುರ್ಚಿಯ ಮೇಲೆ ಪೇರಿಸುತ್ತಿದ್ದಳು; ಹಾಗೆ ಮಾಡಿದರೆ ಯಾರೂ ಅದರ ಮೇಲೆ ಕೂರುವಂತಿಲ್ಲ.

"ಅತ್ತೆ, ಮುತ್ತಜ್ಜನ ಹಿಂದೆ ಟೊಳ್ಳಿದೆ."

"ಹಿಂದೆ ಅಂದ್ರೆ?"

"ಆ ಕಡೆ. ನನ್ನ ಕೈ ಪೂರ್ತಿ ಒಳಗೆ ಹೋಯ್ತು."

"ಆ ಕಡೆಗೆ ನೀನ್ಯಾಕೆ ಹೋದೆ?"

"ಬಿಲ್ಲೆ ಬಿತ್ತು."

"ದೋಟಿ ಇರ್ಲಿಲ್ವಾ?"

"ಎಟುಕ್ಲಿಲ್ಲ."

"ಎಟುಕದೇ ಇದ್ದಿದ್ದನ್ನ ಬಿಡ್ಬೇಕು. ಅವನಾಗಿದ್ರೆ ಬಿಡ್ತಿದ್ದ."

"ಹೂಂ. ಬಿಡ್ತಿದ್ರು."

ಅತ್ತೆ ಒಂದು ಟವೆಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. "ಅಂದ್ರೆ ನನ್ನ ಮಗ ಸುಳ್ಳು ಬಿಲ್ಲೆ ಹಾಕ್ದ ಅಂತೀಯಾ?"

"ಇಲ್ಲ. ಅವರು ಬಡಿದ ಕಡೆ ಈಗ್ಲೂ ಗಟ್ಟಿಯಾಗೇ ಇದೆ."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಹಸಿರೋ, ಕೆಂಪೋ?"

"ಕೆಂಪು ಅತ್ತೆ."

"ನಾಲ್ಕಕ್ಷರ ಕಲಿತೋರು ಮನೆಗೆ ಬಂದ್ರೆ ಹೀಗೇ. ದಾರಿ ಇಲ್ದಿರೋ ಕಡೆ ಹೋಗಿ ಇಣುಕೋದು." ಟವೆಲು ಕುರ್ಚಿಯ ಮೇಲೆ ಬಿತ್ತು. "ಅವನ ಕೈಯ್ದು ಅದೊಂದೇ ಉಳಿದಿರೋದು, ಗೊತ್ತಾ ನಿನಗೆ?"

"ಗೊತ್ತು."

"ಗೊತ್ತಿದ್ದೂ ಹೇಳ್ತೀಯಲ್ಲ. ನಿನಗೆ ಅಳೋಕಂತೂ ಬರಲ್ಲ, ಬಾಯಿ ಮುಚ್ಕೊಂಡಿರೋಕಾದ್ರೂ ಬರಬಾರ್ದಾ? ನನ್ನ ಒಲೆ ಎಲ್ಲಿಡ್ಲಿ?"

"ಗೇಟಿನ ಹತ್ರ ಜಾಗ ಇದೆ."

"ಗೇಟಿನ ಹತ್ರ! ಟಿಕೆಟ್ ತಗೊಂಡ ತಕ್ಷಣ ಯಾರಿಗೆ ಬೇಕು ಚಹಾ? ನಡೆದು ದಣಿದೋರಿಗೆ ಕಣೇ ಚಹಾ. ಇಷ್ಟು ವರ್ಷ ಆ ಮರ ಬಿದ್ದಿದೆಯಾ? ಹೇಳು, ಬಿದ್ದಿದೆಯಾ?"

"ಇಲ್ಲ. ಬೀಳೋ ದಿನ ನೀವು ಅದರ ಕೆಳಗಿರ್ತೀರಿ."

"ಇದ್ರೆ ಇರ್ತೀನಿ. ನಿನಗೇನು ನಷ್ಟ?"

"ಅವತ್ತಿನ ಹಾಗೆ ಇನ್ನೊಂದು ಸಲ ಒಬ್ಬಳೇ ಎದ್ದು ಜನ ಕರೆಯೋಕೆ ಮನೆ ಬಾಗಿಲು ತೆರೆಯೋದು ನನ್ನ ಕೈಲಾಗಲ್ಲ" ಎಂದಳು ಸೊಸೆ. ಹವಾಮಾನ ಹೇಳುವ ದನಿಯಲ್ಲಿಯೇ ಹೇಳಿದಳು.

ಅತ್ತೆ ಅವಳನ್ನು ನೋಡಿದಳು. ಆ ವರ್ಷದಲ್ಲಿ ಸೊಸೆ ಆಡಿದ ಮಾತುಗಳಲ್ಲಿ ಅದೇ ಉದ್ದನೆಯದಿರಬೇಕು. ಉಳಿದ ಬಟ್ಟೆಯನ್ನು ಮಡಚದೆ ಹಾಗೇ ಕುರ್ಚಿಯ ಮೇಲೆ ತುಂಬಿ, "ನಾಳೆ ನನಗೆ ಕೇಳಿಸು. ನನ್ನ ಕಿವಿಗೆ ಕೇಳಿಸದೆ ಆ ಮೊಳೆ ಮುಟ್ಟಿದ್ರೆ ನೋಡು ಮತ್ತೆ" ಎಂದು ದೀಪ ಹಾಕಲು ಎದ್ದಳು.

ಮರುದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಇಬ್ಬರೂ ಹಲಗೆಯ ಅಂಚಿನಲ್ಲಿ ಕೂತು ಚಪ್ಪಲಿ ಬೂಟುಗಳನ್ನು ಬಿಚ್ಚಿದರು. ಅತ್ತೆ ಕಾಲು ಇಳಿಬಿಟ್ಟಳು, ಮತ್ತೆ ಎತ್ತಿಕೊಂಡಳು. ಬಾಣಲೆಯಲ್ಲಿ ಎಣ್ಣೆ ಕಾದಿದೆಯೋ ಎಂದು ನೋಡುವವಳ ಹಾಗೆ ಹೆಬ್ಬೆರಳಿನ ತುದಿಯಿಂದ ಮಣ್ಣು ಮುಟ್ಟಿದಳು.

"ಯಾರಾದ್ರೂ ನೋಡಿದ್ರೆ?"

"ನಿಯಮದಲ್ಲಿದೆ ಅತ್ತೆ. ಬರಿಗಾಲಲ್ಲಿ ಇಳೀಬಹುದು."

"ಇದೆಯಾ? ಮತ್ತೆ ಯಾರೂ ಹೇಳ್ಲೇ ಇಲ್ವಲ್ಲ" ಎಂದು ಇಳಿದಳು.

ಸೊಸೆಯ ತೋಳು ಹಿಡಿದು, ಪ್ರತಿ ಹೆಜ್ಜೆಗೂ ಬೇರುಗಳಿಗೆ "ಸ್ವಲ್ಪ ತಡ್ಕೊಳ್ಳಪ್ಪ" ಎನ್ನುತ್ತಾ ಹಿಂದಕ್ಕೆ ಬಂದಳು. ಅಣಬೆಗಳನ್ನು ನೋಡಿದಳು, ಸೀಳನ್ನು ನೋಡಿದಳು. ಕೊಡತಿಗೆ ಕೈ ಚಾಚಿದಳು. ಬಡಿದು, ಕಿವಿಯನ್ನು ತೊಗಟೆಗೇ ಒತ್ತಿದಳು. ಮತ್ತೊಮ್ಮೆ ಬಡಿದಳು.

"ಖಾಲಿ ಡಬ್ಬ" ಎಂದಳು ಆಮೇಲೆ. "ಮುಂದಿನಿಂದ ಬಡಿ, ಅದನ್ನೂ ಕೇಳ್ತೀನಿ."

ಇಬ್ಬರೂ ಸುತ್ತಿ ಬಂದು ಹಲಗೆ ಹತ್ತಿದರು. ಗಂಡ ಬಡಿಯುತ್ತಿದ್ದ ನುಣುಪು ಜಾಗದಲ್ಲಿ ಸೊಸೆ ಬಡಿದಳು. ಸದ್ದು ಚುರುಕಾಗಿ ಬಂತು. ಅತ್ತೆ ತಲೆಯಾಡಿಸಿದಳು, ಆ ಸದ್ದಿನ ಮಟ್ಟಿಗೆ ಮಗನನ್ನು ಒಪ್ಪಿಕೊಂಡ ಹಾಗೆ. ಎದುರಿಗೇ ಕಂಬವಿತ್ತು. ಹಗ್ಗ ತೀಡಿದ ಕಚ್ಚಿನೊಳಗೆ ಬೆರಳಿಟ್ಟು, ಅದು ಎಲ್ಲಿಂದ ಎಲ್ಲಿಯವರೆಗಿದೆಯೆಂದು ಒಂದು ಸುತ್ತು ನೋಡಿದಳು.

"ಹಗ್ಗ ಇನ್ನೊಂದಿಷ್ಟು ಉದ್ದ ಬಿಡಬಹುದಿತ್ತು" ಎಂದಳು.

ಸೊಸೆ ಕೊಡತಿಯನ್ನು ಕಟಾಂಜನಕ್ಕೆ ಒರಗಿಸಿದಳು.

"ತೆಗಿ. ನಿನ್ನ ಕೆಲಸ ಅದು, ನಾನ್ಯಾಕೆ ಮುಟ್ಲಿ?"

ಅವಳು ಹಳೆಯ ಬಿಲ್ಲೆಯನ್ನು ಮೊಳೆಯಿಂದ ಬಿಡಿಸಿದಳು. ತುಕ್ಕು ಹಿಡಿದು ಸ್ವಲ್ಪ ಅಂಟಿಕೊಂಡಿತ್ತು, ತಿರುಗಿಸಬೇಕಾಯಿತು. ಅದರ ಹಿಂದೆ ಕಟ್ಟಿಗೆಯ ಮೇಲೆ ಬಿಸಿಲು ಕಾಣದ ಬಿಳಿ ವೃತ್ತವಿತ್ತು. ಕೆಂಪು ಬಿಲ್ಲೆ ಅದರ ಮೇಲೆ ಸರಿಯಾಗಿ ಕೂತಿತು. ಹಳೆಯದನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡು, "ಒಲೆ ಎತ್ತೋಕೆ ಇಬ್ಬರು ಬೇಕು. ಆ ಚಹಾ ಕುಡುಕನ್ನ ಕರಿ" ಎಂದಳು.

ಅಧಿಕಾರಿ ನಂಬಲಿಲ್ಲ, ಆಮೇಲೆ ಬಂದು ಹೊಳೆಯುವ ಬೂಟು ಬಿಚ್ಚಿ ಕಾಲುಚೀಲದಲ್ಲೇ ಇಳಿದು ನೋಡಿದರು. "ಹೋದ ವರ್ಷ ಹಸಿರು ಇತ್ತಲ್ಲ ಮೇಡಂ?" ಎಂದರು.

"ಅವರು ಬಡಿದ ಕಡೆ ಹಸಿರೇ, ಸರ್. ನಾವ್ಯಾರೂ ಈ ಕಡೆ ಬಂದಿರ್ಲಿಲ್ಲ."

"ಹಾಗಾದ್ರೆ ಉಳಿದ ಮರಗಳು?" ಎನ್ನುವಾಗ ಅವರ ಮುಖ ಸಣ್ಣದಾಯಿತು.

ಉಳಿದ ಮರಗಳನ್ನೂ ಅವಳು ಒಂದೊಂದಾಗಿ ಸುತ್ತಿ ಬಂದಳು. ಗೇಟು ತೆರೆಯುವುದು ಮುಂದಕ್ಕೆ ಹೋಯಿತು. ಗೇಟಿನವರು, ಟಿಕೆಟಿನವರು ಮೊದಮೊದಲು ಗೊಣಗಿದರು, ಆಮೇಲೆ ಅವಳಿಗೆ ಬರಿಗಾಲಮ್ಮ ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಂಡರು. ಬೇರೆ ಯಾವ ಮರವೂ ಟೊಳ್ಳಾಗಿರಲಿಲ್ಲ. ಅಂಗಳದ ಹಲಗೆಗಳನ್ನು ಕಿತ್ತು, ಮುತ್ತಜ್ಜ ಬಿದ್ದರೂ ತಾಗದಷ್ಟು ದೂರದಲ್ಲಿ ದಾರಿಯನ್ನು ಮುಗಿಸಿದರು. ಅಲ್ಲಿಂದ ಅದು ಇನ್ನೂ ಚೆನ್ನಾಗಿ ಕಾಣುತ್ತದೆ, ಬುಡದಿಂದ ತುದಿಯವರೆಗೆ ಒಂದೇ ನೋಟಕ್ಕೆ ಸಿಗುತ್ತದೆ ಎಂದು ನೋಡಿದವರು ಹೇಳಿದರು.

ಗೇಟಿನ ಪಕ್ಕದ ಹೊಸ ಕ್ಯಾಂಟೀನಿನ ನೆಲ ಸಮವಾಗಿರಲಿಲ್ಲ. ಒಲೆಯಿಟ್ಟ ಮೇಜು ಮುಟ್ಟಿದರೆ ಓಲಾಡುತ್ತಿತ್ತು, ಹಾಲು ಚೆಲ್ಲುತ್ತಿತ್ತು. ಗರಗಸದಣ್ಣ ಕಾಲು ಕೊಯ್ದು ಸರಿಮಾಡುತ್ತೇನೆಂದು ಹೊರಟವನು ಒಂದು ಕಾಲನ್ನು ಹೆಚ್ಚು ಕೊಯ್ದಿದ್ದ. ಆ ವಿಷಯ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಟಿಕೆಟ್ ತಗೊಂಡ ತಕ್ಷಣ ಯಾರೂ ಚಹಾ ಕುಡಿಯುವುದಿಲ್ಲ ಎಂದಿದ್ದು ನಿಜವಾಯಿತು. ಆದರೆ ನೋಡಿ ದಣಿದವರು ಹೊರಗೆ ಬರಬೇಕಾದದ್ದೂ ಅದೇ ಗೇಟಿನಿಂದ.

ಗೇಟು ತೆರೆದ ಮೇಲೆ ಒಂದು ಬೆಳಿಗ್ಗೆ ಅವಳು ಕಾಡಿನೊಳಗೆ ಒಂದು ಸುತ್ತು ಹೋಗಿ ಬಂದಳು.

"ಬಿತ್ತೇನೇ ನಿನ್ನ ಮುತ್ತಜ್ಜ?" ಎಂದು ಅತ್ತೆ ಒಳಗಿಂದಲೇ ಕೇಳಿದಳು. ದಿನಾ ಕೇಳುತ್ತಿದ್ದಳು.

"ಇಲ್ಲ ಅತ್ತೆ."

"ನೋಡಿದ್ಯಾ! ಸುಮ್ನೆ ನನ್ನ ಒಲೆ ಎತ್ತಿಸ್ದೆ. ಕೂತ್ಕೋ, ಚಹಾ ಕೊಡ್ತೀನಿ."

ಅವಳು ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳಲು ಬಾಗಿದಳು. ಒಲೆಯ ಮೇಜಿನ ಗಿಡ್ಡ ಕಾಲಿನ ಕೆಳಗೆ, ನೆಲಕ್ಕೂ ಕಟ್ಟಿಗೆಗೂ ನಡುವೆ, ತುಕ್ಕು ಹಿಡಿದ ಹಸಿರು ತಗಡಿನ ಅಂಚು ಕಾಣುತ್ತಿತ್ತು. ಸುತ್ತ ಧೂಳಿರಲಿಲ್ಲ; ಒರೆಸಿದ ಹಾಗಿತ್ತು.

ಅತ್ತೆ ಪಾತ್ರೆಯನ್ನು ಎತ್ತಿ ಕುಕ್ಕಿದಳು. ಮೇಜು ಅಲುಗಲಿಲ್ಲ.